ಹೋಗಿ ಬರುವ ದಾರಿ: ಕಾರವಾರದಿಂದ ಅಂಕೋಲೆಗೆ



ಕಾರವಾರಕ್ಕೂ ಅಂಕೋಲೆಗೂ ನಡುವೆ ಇರುವ ದೂರ ಸುಮಾರು ೩೩ ಕಿಲೋಮೀಟರು. ಹಳೆಯ ಲೆಕ್ಕದಲ್ಲಿ ಇಪ್ಪತ್ತು ಮೈಲಿಗೆ ತುಸು ಹೆಚ್ಚು. ಈಗ ಬೆಳಿಗ್ಗೆ ಒಂದು ಊರಿನಲ್ಲಿ ಉಪಾಹಾರ ಮುಗಿಸಿ ಹೊರಟವನು ಇನ್ನೊಂದು ಊರಿನಲ್ಲಿ ಕೆಲಸ ತೀರಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಾನು. ಇಷ್ಟು ಚಿಕ್ಕ ಪ್ರಯಾಣಕ್ಕೆ ಚರಿತ್ರೆಯೇನಿದ್ದೀತು ಎಂದು ತಾವು ಕೇಳಬಹುದು. ದೊರೆಗಳ ಚರಿತ್ರೆ, ಕೋಟೆಗಳ ಚರಿತ್ರೆ ನಮಗೆ ಬೇಕಾದಷ್ಟು ದೊರೆಯುತ್ತದೆ. ಆದರೆ ಒಬ್ಬ ಸಾಧಾರಣ ಮನುಷ್ಯನು ಸೂರ್ಯ ಮುಳುಗುವುದರೊಳಗೆ ಎಷ್ಟು ದೂರ ಹೋಗಿ ಮನೆಗೆ ಹಿಂದಿರುಗಬಲ್ಲವನಾಗಿದ್ದನೆಂಬುದೂ ಚರಿತ್ರೆಯೇ. ಅವನ ವ್ಯಾಪಾರ, ಅವನ ನೆಂಟಸ್ತಿಕೆ, ಅವನಿಗೆ ದೊರೆಯುವ ನ್ಯಾಯ, ಇವೆಲ್ಲಕ್ಕೂ ಆ ಅಳತೆಯೇ ಗಡಿ.

ಈ ದಾರಿಯ ಮೇಲೆ ನಡೆದ ಒಂದು ಪ್ರಯಾಣದ ವಿವರ ನಮಗೆ ಚೆನ್ನಾಗಿ ಉಳಿದುಬಂದಿದೆ. ಅದು ೧೬೬೫ನೆಯ ಇಸವಿ ಫೆಬ್ರವರಿ ತಿಂಗಳಿನದು, ಪ್ರಯಾಣಿಕನು ಶಿವಾಜಿ. ಹಡಗುಗಳ ಪಡೆಯೊಡನೆ ಬಂದು ಬಸರೂರನ್ನು ಸೂರೆಮಾಡಿ, ಹಿಂದಿರುಗುವಾಗ ಅವನು ಗೋಕರ್ಣದಲ್ಲಿ ಇಳಿದು ಸಮುದ್ರಸ್ನಾನ ಮಾಡಿದನು. ಆ ಬಳಿಕ ಹಡಗುಗಳಲ್ಲಿ ಹೆಚ್ಚಿನವನ್ನು ಮುಂದಾಗಿ ಕಳುಹಿಸಿ, ತಾನು ಸುಮಾರು ೪,೦೦೦ ಕಾಲಾಳುಗಳೊಡನೆ ನೆಲದ ಮೇಲೆ ಅಂಕೋಲೆಗೆ ನಡೆದನು. ಅಲ್ಲಿಂದ ಫೆಬ್ರವರಿ ೨೨ರಂದು ಕಾರವಾರವನ್ನು ಸೇರಿದನು. ಕಾರವಾರದ ಇಂಗ್ಲಿಷ್ ಕೋಠಿಯವರು ಬರೆದ ಕಾಗದದಲ್ಲಿ ಒಂದು ಸಣ್ಣ ಸಂಗತಿ ಇದೆ. ಎಲ್ಲ ಹಡಗುಗಳನ್ನೂ ಕಳುಹಿಸಿದವನು ಹನ್ನೆರಡನ್ನು ಮಾತ್ರ ಉಳಿಸಿಕೊಂಡಿದ್ದನಂತೆ. ಅವು ಯುದ್ಧಕ್ಕಾಗಿ ಅಲ್ಲ. ಮನೆಗೆ ಹಿಂದಿರುಗುವ ದಾರಿಯಲ್ಲಿ ಸಿಕ್ಕುವ ಹೊಳೆಗಳನ್ನು ಸೈನ್ಯವು ದಾಟುವುದಕ್ಕಾಗಿ. ಕೊಂಕಣ ಕರಾವಳಿಯ ನೆಲವನ್ನು ಬಲ್ಲವನು ಮಾಡಿದ ಏರ್ಪಾಡು ಇದು. ಇಲ್ಲಿ ಪ್ರಯಾಣವೆಂದರೆ ಮೊದಲು ಹೊಳೆಯ ಲೆಕ್ಕ, ಆಮೇಲೆ ಮೈಲಿಯ ಲೆಕ್ಕ.

ಆ ದಿನ ಕಾರವಾರದಲ್ಲಿ ನಡೆದುದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ವರ್ತಕರು ತಮ್ಮ ಹಣವನ್ನೂ ಹೊತ್ತೊಯ್ಯಬಹುದಾದ ಸರಕನ್ನೂ ಮಸ್ಕತ್ತಿನ ಇಮಾಮನಿಗೆ ಸೇರಿದ ಒಂದು ಚಿಕ್ಕ ಹಡಗಿಗೆ ಏರಿಸಿಕೊಂಡು ಕುಳಿತರು. ಬಿಜಾಪುರದ ಸರದಾರ ಶೇರ್ ಖಾನನು ಅದೇ ಸಮಯಕ್ಕೆ ಊರಿಗೆ ಬಂದಿದ್ದುದರಿಂದ ಶಿವಾಜಿಯು ಊರೊಳಕ್ಕೆ ನುಗ್ಗದೆ ಹೊಳೆಯ ಬಾಯಲ್ಲಿ ಬೀಡುಬಿಟ್ಟನು. ಊರವರು ಹಣ ಕೂಡಿಸಿ ಒಪ್ಪಿಸಿದರು. ಇಂಗ್ಲಿಷರ ಪಾಲಿಗೆ ೧೧೨ ಪೌಂಡು ಬಂದಿತು. ಹೋಳಿಹಬ್ಬದ ತನ್ನ ಬೇಟೆಯನ್ನು ಶೇರ್ ಖಾನನು ಕೆಡಿಸಿದನೆಂದು ಗೊಣಗುತ್ತ ಶಿವಾಜಿಯು ಮಾರನೆಯ ದಿನವೇ ಹೊರಟುಹೋದನು. ದಂಡು ದಾಳಿಗಳ ನಡುವೆ ಇಂಥ ಗೊಣಗಾಟವನ್ನೂ ಬರೆದಿಟ್ಟ ಆ ಗುಮಾಸ್ತನಿಗೆ ನಾವು ಋಣಿಗಳು.

ಈಗ ಭೂಪಟವನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಕಾಳಿ ನದಿಯು ಕಾರವಾರ ಪಟ್ಟಣದ ಉತ್ತರಕ್ಕೆ ಸಮುದ್ರವನ್ನು ಸೇರುತ್ತದೆ. ಗಂಗಾವಳಿಯು ಅಂಕೋಲೆಯ ದಕ್ಷಿಣಕ್ಕೆ. ಇವೆರಡರ ನಡುವೆ ಹಟ್ಟಿಕೇರಿಯಂಥ ಚಿಕ್ಕ ಹೊಳೆಗಳುಂಟೇ ಹೊರತು ದೊಡ್ಡ ನದಿಯೊಂದೂ ಇಲ್ಲ. ಅಂಕೋಲೆಯಿಂದ ದಕ್ಷಿಣಕ್ಕೆ ಹೋಗುವವನು ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ಒಂದಾದ ಮೇಲೊಂದು ಕಡವಿನಲ್ಲಿ ದೋಣಿಗಾಗಿ ಕಾಯಬೇಕಾಗಿತ್ತು. ಕಾರವಾರದ ಕಡೆಗೆ ಹೋಗುವವನಿಗೆ ಆ ಕಾಟವಿರಲಿಲ್ಲ. ಹಾಗಾದರೆ ಈ ದಾರಿ ಸುಗಮವಾಗಿತ್ತೆಂದು ತಿಳಿಯಬಾರದು. ಹೊಳೆ ಬಿಟ್ಟುಕೊಟ್ಟ ಜಾಗವನ್ನು ಇಲ್ಲಿ ಗುಡ್ಡ ಹಿಡಿದುಕೊಂಡಿದೆ. ಸಹ್ಯಾದ್ರಿಯ ಕೈಗಳು ಕಾರವಾರದ ಸುತ್ತ ನೇರವಾಗಿ ಸಮುದ್ರದವರೆಗೂ ಚಾಚಿವೆ. ಬೈತಕೋಲ, ಬಿಣಗ, ಅರ್ಗಾ ಹೀಗೆ ಒಂದೊಂದು ಏಣನ್ನು ಹತ್ತಿ ಇಳಿದರೆ ಒಂದೊಂದು ಕೊಲ್ಲಿ, ಒಂದೊಂದು ಮರಳ ದಂಡೆ, ತೆಂಗಿನ ತೋಟ, ಗದ್ದೆಯ ಬಯಲು. ಚೆಂಡಿಯೆ, ಅಮದಳ್ಳಿ, ಹಾರವಾಡ, ಅವರ್ಸಾ ಎಂಬ ಊರುಗಳನ್ನು ದಾಟಿದ ಮೇಲೆಯೇ ಅಂಕೋಲೆಯ ಬಯಲು ತೆರೆದುಕೊಳ್ಳುವುದು.

ಬಹುಕಾಲ ಈ ಎರಡು ಊರುಗಳಿಗೆ ಒಂದರ ಮುಖವನ್ನು ಇನ್ನೊಂದು ನೋಡಬೇಕಾದ ಅಗತ್ಯವೇ ಹೆಚ್ಚಾಗಿ ಇರಲಿಲ್ಲ. ಕರಾವಳಿಯ ವ್ಯಾಪಾರ ದಂಡೆಯುದ್ದಕ್ಕೂ ನೆಲದ ಮೇಲೆ ಸಾಗಲಿಲ್ಲ. ಘಟ್ಟದಿಂದ ಸಮುದ್ರಕ್ಕೆ ಇಳಿಯಿತು. ೧೬೩೮ರಲ್ಲಿ ಕಾರವಾರದಲ್ಲಿ ಕೋಠಿ ತೆರೆದ ಇಂಗ್ಲಿಷರಿಗೆ ಬೇಕಾದ ಮೆಣಸೂ ಬಟ್ಟೆಯೂ ಘಟ್ಟದ ಮೇಲಿನಿಂದ ಬಂದುವು. ಅಂಕೋಲೆಯ ದಾರಿ ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರ, ಹುಬ್ಬಳ್ಳಿಗಳ ಕಡೆಗೆ ನಡೆಯಿತು. ದಂಡೆಯುದ್ದಕ್ಕೂ ಹೋಗಬೇಕಾದವರು ದೋಣಿ ಹತ್ತುತ್ತಿದ್ದರು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಗೋವೆಯಿಂದ ಇಕ್ಕೇರಿಗೆ ಹೊರಟಾಗ ಹೊನ್ನಾವರದವರೆಗೂ ಸಮುದ್ರದ ಮೇಲೆಯೇ ಬಂದನು. ಈ ಊರುಗಳೆಲ್ಲವೂ ಅವನ ಎಡಗಡೆಯ ದಂಡೆಯಲ್ಲಿ ಉಳಿದುವು. ೧೭೯೯ರಲ್ಲಿ ಟಿಪ್ಪುವಿನ ಪತನದ ತರುವಾಯ ಕನ್ನಡ ಜಿಲ್ಲೆಯು ಕಂಪೆನಿಯ ವಶವಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ನನು ಗೋಕರ್ಣ, ಅಂಕೋಲೆಗಳ ಮೂಲಕ ಉತ್ತರಕ್ಕೆ ನೆಲದ ಮೇಲೆ ಪ್ರಯಾಣಮಾಡಿದನು.

ಈ ದಾರಿಯ ಹಣೆಬರಹ ಬದಲಾದುದು ೧೮೬೨ರಲ್ಲಿ. ಆ ವರ್ಷ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಡಿದು ಮುಂಬಯಿ ಪ್ರಾಂತಕ್ಕೆ ಜೋಡಿಸಿದರು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಸರಬರಾಯಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳವರು ಧಾರವಾಡದ ಹತ್ತಿಗೆ ಒಂದು ಬಂದರನ್ನು ಹುಡುಕುತ್ತಿದ್ದ ಕಾಲವದು. ಕಾರವಾರದ ಮೇಲೆ ಆಗ ದೊಡ್ಡ ಆಸೆಗಳಿದ್ದುವು. ೧೮೮೦ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವೆಗೆ ಹೋಗಿ ಆ ಆಸೆಗಳನ್ನು ಮುರಿಯಿತು. ಆದರೆ ಕಚೇರಿಗಳು ಉಳಿದುವು. ಕಲೆಕ್ಟರರ ಕಚೇರಿ, ಜಿಲ್ಲಾ ನ್ಯಾಯಾಲಯ, ಖಜಾನೆ ಎಲ್ಲವೂ ಜಿಲ್ಲೆಯ ವಾಯವ್ಯದ ತುದಿಯಲ್ಲಿ, ಕಾಳಿಯ ಬಾಯಲ್ಲಿ. ದಕ್ಷಿಣದ ತಾಲೂಕುಗಳವರು ಅಂಕೋಲೆಯನ್ನು ಹಾಯ್ದು ಅಲ್ಲಿಗೆ ಬರಬೇಕಾಯಿತು.

ಅಂಕೋಲೆಯ ಒಬ್ಬ ಗೇಣಿದಾರನಿಗೆ ಕಾರವಾರದಲ್ಲಿ ಮೊಕದ್ದಮೆಯ ತಾರೀಖು ಬಿದ್ದಿದೆಯೆಂದು ಇಟ್ಟುಕೊಳ್ಳೋಣ. ಹಗುರವಾಗಿ ನಡೆಯುವವನು ಗಂಟೆಗೆ ಮೂರು ಮೈಲಿ ಹೋದಾನು. ಏಣುಗಳನ್ನು ಹತ್ತಿಳಿಯುವುದನ್ನು ಸೇರಿಸಿದರೆ ಇಪ್ಪತ್ತು ಮೈಲಿಗೆ ಏಳೆಂಟು ಗಂಟೆ. ಎತ್ತಿನ ಗಾಡಿ ಗಂಟೆಗೆ ಎರಡು ಮೈಲಿಯಂತೆ ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಹೋಗುವುದಕ್ಕೆ ಒಂದು ದಿನ, ಕಚೇರಿಯ ಬಾಗಿಲಲ್ಲಿ ಒಂದು ದಿನ, ಬರುವುದಕ್ಕೆ ಒಂದು ದಿನ. ಬುತ್ತಿ ಕಟ್ಟಿಕೊಳ್ಳಬೇಕು, ಎರಡು ರಾತ್ರಿ ಯಾರದೋ ಜಗುಲಿಯನ್ನು ಬೇಡಬೇಕು, ಸಾಕ್ಷಿಗಳನ್ನು ಕರೆತಂದಿದ್ದರೆ ಅವರ ಊಟವನ್ನೂ ನೋಡಿಕೊಳ್ಳಬೇಕು. ತಾರೀಖು ಮುಂದಕ್ಕೆ ಹೋಯಿತೋ, ಈ ಮೂರು ದಿನಗಳೂ ಮತ್ತೊಮ್ಮೆ. ನಾಟಿಯ ದಿನಗಳಲ್ಲಿ ಮೂರು ದಿನ ಗದ್ದೆಯನ್ನು ಬಿಡುವವನಿಗೆ ನ್ಯಾಯಾಲಯದ ಸ್ಟಾಂಪಿನ ವೆಚ್ಚ ಚಿಕ್ಕದು, ದಾರಿಯ ವೆಚ್ಚ ದೊಡ್ಡದು. ಸಾಲ ಕೊಟ್ಟವನಿಗೆ ಆಳುಗಳಿರುತ್ತಾರೆ, ಗಾಡಿಯಿರುತ್ತದೆ. ಸಾಲಗಾರನಿಗೆ ಎರಡು ಕಾಲುಗಳು ಮಾತ್ರ. ದೂರವೇ ಒಬ್ಬರ ಪಕ್ಷ ವಹಿಸಿ ವಾದಿಸುತ್ತಿತ್ತೆಂದರೆ ಅತಿಶಯೋಕ್ತಿಯಾಗದು.

ಒಂದೇ ದಿನದಲ್ಲಿ ಹೋಗಿಬರುವ ಉಪಾಯ ಒಂದಿತ್ತು, ಅದು ಸಮುದ್ರದ್ದು. ನಮ್ಮ ಕರಾವಳಿಯಲ್ಲಿ ಬೇಸಗೆಯ ರಾತ್ರಿ ಕಳೆದು ಬೆಳಗಿನವರೆಗೂ ನೆಲದ ಕಡೆಯಿಂದ ಗಾಳಿ ಬೀಸುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ ಏಳುತ್ತದೆ. ಬೇಲೆಕೇರಿಯಿಂದ ಕೋಳಿ ಕೂಗುವ ಮೊದಲೇ ಹಾಯಿ ಬಿಚ್ಚಿದರೆ ನೆಲಗಾಳಿಯ ಮೇಲೆ ಕಾರವಾರವನ್ನು ಮುಟ್ಟಬಹುದು. ಮಧ್ಯಾಹ್ನದ ಗಾಳಿ ದೋಣಿಯನ್ನು ದಕ್ಷಿಣಕ್ಕೆ ತಾನಾಗಿಯೇ ನೂಕುತ್ತದೆ. ಗಾಳಿ ಕೈಕೊಡದಿದ್ದರೆ ಎಂಬ ಮಾತು ಇದ್ದೇ ಇದೆ. ಮಳೆಗಾಲದ ನಾಲ್ಕು ತಿಂಗಳು ಈ ಬಾಗಿಲು ಪೂರ್ತಿ ಮುಚ್ಚಿರುತ್ತಿತ್ತು.

ಈ ಕಾರವಾರದ ನ್ಯಾಯಾಲಯದಲ್ಲಿ ೧೮೮೦ರ ದಶಕದಲ್ಲಿ ನ್ಯಾಯಾಧೀಶರಾಗಿದ್ದವರು ಐ.ಸಿ.ಎಸ್. ಸೇರಿದ ಮೊದಲನೆಯ ಭಾರತೀಯ ಸತ್ಯೇಂದ್ರನಾಥ ಠಾಕೂರರು. ಅವರ ಕಿರಿಯ ಸೋದರ ರವೀಂದ್ರನಾಥರು ೧೮೮೩ರಲ್ಲಿ ಇಲ್ಲಿ ಬಂದು ಕೆಲವು ಕಾಲ ಇದ್ದರು. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವು ಇಲ್ಲಿ ಬರೆದುದು. ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿಯೇರಿ ಹೋಗಿ, ಗುಡ್ಡದ ಮೇಲಿನ ಹಳೆಯ ಕೋಟೆಯ ಬಳಿ ಇಳಿದು, ಇಳಿತದ ನೀರಿನೊಡನೆ ಹಿಂದಿರುಗಿ, ಕೊನೆಗೆ ಮರಳ ದಂಡೆಯ ಮೇಲೆ ನಡೆದು ಮನೆ ಸೇರಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಆ ಊರಿನ ಕಡಲಂಚು ಇಂದು ಅವರ ಹೆಸರಿನಲ್ಲಿದೆ. ಮನೆಯ ಒಳಗೆ ಕವಿ. ಅಣ್ಣನ ನ್ಯಾಯಾಲಯದ ಹೊರಗೆ ದೂರದಿಂದ ನಡೆದು ಬಂದ ಕಕ್ಷಿಗಾರರು. ಇಬ್ಬರೂ ನೋಡಿದ ಸಮುದ್ರ ಒಂದೇ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದಿತು. ಮೂರು ದಿನ ಒಂದು ದಿನವಾಯಿತು. ಕಚೇರಿಗೆ ಹೋಗುವ ದಾರಿಯೇ ಕಚೇರಿಯನ್ನು ಎದುರಿಸುವವರ ದಾರಿಯೂ ಆಯಿತು. ೧೯೩೦ರ ಏಪ್ರಿಲ್ ೧೩ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಬಳಿಕ ನಡೆದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಭೂಮಿ, ದನಕರು, ಪಾತ್ರೆಪಡಗಗಳನ್ನು ಕಳೆದುಕೊಂಡರು. ಆ ಕಥೆಗೆ ಬೇರೆಯೇ ಒಂದು ಭಾಷಣ ಬೇಕು.

೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೧ರ ಡಿಸೆಂಬರಿನಲ್ಲಿ ಗೋವೆಯು ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ, ಅದುವರೆಗೆ ಪರರಾಜ್ಯದ ಗಡಿಯ ಬಳಿ ಮುಗಿಯುತ್ತಿದ್ದ ದಾರಿಯು ಪಶ್ಚಿಮ ಕರಾವಳಿಯ ಹೆದ್ದಾರಿಯ ಒಂದು ತುಂಡಾಯಿತು. ಆದರೆ ಈ ಇಪ್ಪತ್ತು ಮೈಲಿಗಳ ಚಹರೆಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದುದು ನೌಕಾನೆಲೆ. ೧೯೮೬ರ ಅಕ್ಟೋಬರ್ ೨೪ರಂದು ಪ್ರಧಾನಮಂತ್ರಿ ರಾಜೀವ ಗಾಂಧಿಯವರು ‘ಸೀಬರ್ಡ್’ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ೨೦೦೫ರ ಮೇ ೩೧ರಂದು ‘ಐ.ಎನ್.ಎಸ್. ಕದಂಬ’ವು ಸೇವೆಗೆ ಸೇರಿತು. ಬನವಾಸಿಯ ಅರಸುಮನೆತನದ ಹೆಸರು ಹೊತ್ತ ಈ ನೆಲೆಗಾಗಿ ಅರ್ಗಾ ಮೊದಲಾದ ಗ್ರಾಮಗಳ ಸಾವಿರಾರು ಕುಟುಂಬಗಳು ಎದ್ದುಹೋದುವು. ಏಣುಗಳ ನಡುವಣ ಆ ಕೊಲ್ಲಿಗಳಲ್ಲಿ ಬಲೆ ಬೀಸುತ್ತಿದ್ದವರು, ಗದ್ದೆ ಉಳುತ್ತಿದ್ದವರು ಅವರು. ಸಮುದ್ರದಂಚಿನಿಂದ ದೂರ ಕಟ್ಟಿಕೊಟ್ಟ ವಸತಿಗಳಲ್ಲಿ ಮೀನುಗಾರನು ಏನು ಮಾಡಬೇಕು? ಪರಿಹಾರದ ವ್ಯಾಜ್ಯಗಳು ದಶಕಗಟ್ಟಲೆ ನಡೆದುವು. ಅದೇ ದಾರಿಯಲ್ಲಿ, ಅದೇ ಕಾರವಾರಕ್ಕೆ ತಾರೀಖುಗಳಿಗಾಗಿ ಜನರು ಓಡಾಡಿದರು. ದೇಶದ ರಕ್ಷಣೆಗೆ ನೆಲೆ ಬೇಕೆಂಬುದನ್ನು ಅವರಲ್ಲಿ ಹಲವರು ಅಲ್ಲಗಳೆಯಲಿಲ್ಲ. ಕೊಟ್ಟದ್ದಕ್ಕೆ ಬೆಲೆ ತಡವಾಗಿ ಬಂದುದೇ ಅವರ ದೂರು. ನ್ಯಾಯವಾದ ದೂರೆಂದೇ ನನ್ನ ಅಭಿಪ್ರಾಯ. ಇಂದು ಅರ್ಗಾದ ಬಳಿ ಹಾದುಹೋಗುವವನಿಗೆ ಸಮುದ್ರದ ಬದಲು ಉದ್ದನೆಯ ಗೋಡೆ ಕಾಣುತ್ತದೆ.

ಬೇಲೆಕೇರಿಯ ಹಳೆಯ ಬಂದರು ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರಿನಿಂದ ತುಂಬಿತು. ಲಾರಿಗಳು ಅರಬೈಲು ಘಟ್ಟವನ್ನು ಇಳಿದುವು: ಘಟ್ಟದಿಂದ ಸಮುದ್ರಕ್ಕೆ, ಮೆಣಸಿನ ಕಾಲದ ಹಾದಿಯೇ. ೨೦೧೦ರಲ್ಲಿ ಜಪ್ತಿಮಾಡಿದ ಅದಿರಿನ ರಾಶಿ ಬಂದರಿನಿಂದಲೇ ಕಾಣೆಯಾಗಿ ದೇಶವೆಲ್ಲ ಈ ಊರಿನ ಹೆಸರನ್ನು ಕಲಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಯೋಜನೆ ಮಾತ್ರ ೧೯೯೦ರ ದಶಕದಿಂದಲೂ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ದಂಡೆಯುದ್ದದ ಕೊಂಕಣ ರೈಲು ೧೯೯೮ರ ಜನವರಿ ೨೬ರಂದು ಪೂರ್ಣವಾಗಿ ತೆರೆಯಿತು. ಕಾರವಾರ, ಹಾರವಾಡ, ಅಂಕೋಲೆ, ಮೂರು ನಿಲ್ದಾಣಗಳು. ಹೆದ್ದಾರಿಯನ್ನು ಅಗಲಿಸಿ, ಕಾರವಾರ–ಬಿಣಗಗಳ ನಡುವೆ ಗುಡ್ಡವನ್ನೇ ಕೊರೆದು ಸುರಂಗ ಮಾಡಿದ್ದಾರೆ. ಒಂದು ಕಾಲದಲ್ಲಿ ಎತ್ತುಗಳು ನೊರೆಗರೆಯುತ್ತಿದ್ದ ಏಣು ಈಗ ಕೆಲವು ನಿಮಿಷಗಳ ಕತ್ತಲೆಯೂ ಅಲ್ಲ.

ಆದಕಾರಣ ಈ ಪ್ರಯಾಣವನ್ನು ಗೊತ್ತುಮಾಡಿಕೊಳ್ಳುವವರು ಈಗ ದೂರಕ್ಕಿಂತ ಹೆಚ್ಚಾಗಿ ಋತುವನ್ನು ಎಣಿಸಬೇಕು. ಕಾರ್ತಿಕದಿಂದ ಮುಂದೆ ಯಾವ ದಿನವಾದರೂ ಸರಿ. ಬೆಳಿಗ್ಗೆ ಕಾಳಿಯ ಬಾಯನ್ನೂ, ಆಚೆಯ ದಡದಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವನ್ನೂ ನೋಡಿಕೊಂಡು ಹೊರಟರೆ ಅಂಕೋಲೆಯಲ್ಲಿ ಇಡೀ ಹಗಲು ಉಳಿಯುತ್ತದೆ. ಬೇಸಗೆಯ ಕೊನೆಯಲ್ಲಿ ಹೋದವರಿಗೆ ಅಲ್ಲಿಯ ಕರಿ ಇಶಾಡು ಮಾವು ದೊರೆತರೆ ಅದು ಅವರ ಪುಣ್ಯ. ಆಷಾಢ ಶ್ರಾವಣಗಳ ಮಾತು ಬೇರೆ.

೨೦೨೪ರ ಜುಲೈ ೧೬ರಂದು ಅಂಕೋಲೆಯ ದಕ್ಷಿಣಕ್ಕೆ, ಶಿರೂರಿನ ಬಳಿ, ಹೆದ್ದಾರಿಗಾಗಿ ಕಡಿದ ಗುಡ್ಡವು ಮಳೆಯಲ್ಲಿ ಕುಸಿಯಿತು. ದಾರಿಬದಿಯ ಚಹದ ಅಂಗಡಿ, ಅಲ್ಲಿ ನಿಂತಿದ್ದ ಜನರು, ವಾಹನಗಳು ಮಣ್ಣಿನೊಡನೆ ಗಂಗಾವಳಿಯನ್ನು ಸೇರಿದುವು. ಒಂದು ಲಾರಿಯು ನದಿಯ ತಳದಿಂದ ಹೊರಬಂದುದು ಎರಡು ತಿಂಗಳ ಮೇಲೆ. ಮೂರು ವಾರಗಳು ಕಳೆಯುವಷ್ಟರಲ್ಲಿ, ಆಗಸ್ಟ್ ೭ರ ನಡುರಾತ್ರಿ ದಾಟಿದ ಹೊತ್ತಿನಲ್ಲಿ, ಕಾರವಾರದ ಉತ್ತರಕ್ಕೆ ಕಾಳಿಯ ಹಳೆಯ ಸೇತುವೆ ಮುರಿದುಬಿದ್ದಿತು. ಆ ಕ್ಷಣ ಸೇತುವೆಯ ಮೇಲಿದ್ದ ಒಂದು ಲಾರಿ ನೀರಿಗೆ ಬಿದ್ದಿತು. ಅದರ ಚಾಲಕನನ್ನು ಬದುಕಿಸಿ ಹೊರತೆಗೆದರು. ಶಿವಾಜಿಯ ಹನ್ನೆರಡು ಹಡಗುಗಳು ಯಾವ ಬಗೆಯ ಹೊಳೆಗಳಿಗಾಗಿ ಉಳಿದಿದ್ದುವೋ ಅಂಥ ಎರಡು ಹೊಳೆಗಳಲ್ಲಿಯೇ, ಒಂದೇ ಮಳೆಗಾಲದಲ್ಲಿ, ದಾರಿಯು ಎರಡು ಕಡೆ ಕಡಿಯಿತು. ಆ ಎರಡು ಕಡಿತಗಳ ನಡುವೆ ಇದ್ದುದು ಕಾರವಾರದಿಂದ ಅಂಕೋಲೆಯವರೆಗಿನ ಈ ಇಪ್ಪತ್ತು ಮೈಲಿ.