ಹಕ್ಕಿ ನೋಡೋಕೆ ಬಂದವರು ದಾರಿ ಕೇಳಿದರೆ: ಅಂಕಸಮುದ್ರ ಮತ್ತು ಸುತ್ತಮುತ್ತ

ಹಗರಿಬೊಮ್ಮನಹಳ್ಳಿ: ಚಳಿಗಾಲ ಶುರುವಾದರೆ ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಗಳಲ್ಲಿ ಕುತ್ತಿಗೆಗೆ ಬೈನಾಕ್ಯುಲರ್ ಹಾಕ್ಕೊಂಡವರು ಕಾಣಿಸ್ತಾರೆ. ಅವರು ಕೇಳೋದು ಮೂರೇ ಪ್ರಶ್ನೆ. ಕೆರೆ ಎಲ್ಲಿ, ಯಾವ ಹೊತ್ತಿಗೆ ಹೋಗಬೇಕು, ಬೆಳಗ್ಗೆ ಐದೂವರೆಗೆ ತಿನ್ನೋಕೆ ಏನಾದ್ರೂ ಸಿಗುತ್ತಾ. ನಮ್ಮಲ್ಲಿ ಬಹಳ ಮಂದಿ "ಅಲ್ಲೇನೈತ್ರಿ ನೋಡಾಕ, ಹಂಪಿಗೆ ಹೋಗ್ರಿ" ಅಂತ ಕಳಿಸಿಬಿಡ್ತಾರೆ. ನಾನೂ ಮೊದಲು ಹಾಗೇ ಹೇಳ್ತಿದ್ದವನು. ಹಾಗಾಗಿ ಮುಂದಿನ ಸಲ ಯಾರಾದರೂ ಕೇಳಿದಾಗ ಹೇಳೋಕೆ ಇಷ್ಟು ಮಾಹಿತಿ ಕೈಯಲ್ಲಿರಲಿ.

ಅಂಕಸಮುದ್ರ ಕೆರೆ

2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜೌಗು ಪ್ರದೇಶಗಳು ರಾಮ್ಸಾರ್ ಪಟ್ಟಿಗೆ ಸೇರಿದವು. ಅದರಲ್ಲಿ ನಮ್ಮ ತಾಲೂಕಿನ ಅಂಕಸಮುದ್ರ ಒಂದು. ಉಳಿದೆರಡು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮೊದಲು ರಾಜ್ಯದಿಂದ ಈ ಪಟ್ಟಿಯಲ್ಲಿ ಇದ್ದದ್ದು ರಂಗನತಿಟ್ಟು ಒಂದೇ, ಅದೂ 2022ರಲ್ಲಿ ಸೇರಿದ್ದು. ಇರಾನಿನ ರಾಮ್ಸಾರ್ ಊರಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ, ಇಡೀ ಜಗತ್ತಿಗೆ ಮುಖ್ಯ ಅನಿಸಿದ ಕೆರೆ, ಅಳಿವೆ, ಜೌಗುಗಳ ಪಟ್ಟಿ ಅದು.

ಅಂಕಸಮುದ್ರ ಕಾಡೊಳಗಿನ ಸರೋವರ ಅಲ್ಲ. ನೂರಾರು ವರ್ಷದ ಹಿಂದೆ ಹೊಲಕ್ಕೆ ನೀರು ಬೇಕು ಅಂತ ಕಟ್ಟಿದ ಊರ ಕೆರೆ. ವಿಸ್ತೀರ್ಣ 98.76 ಹೆಕ್ಟೇರ್, ಅಂದ್ರೆ ಸುಮಾರು 244 ಎಕರೆ. ಪಟ್ಟಿಗೆ ಸೇರಿಸುವಾಗ ಕೊಟ್ಟ ವಿವರದಲ್ಲಿ 240 ಜಾತಿಯ ಹಕ್ಕಿ, 41 ಜಾತಿಯ ಮೀನು ಇವೆ. ಗೂಡು ಕಟ್ಟೋಕೆ, ರಾತ್ರಿ ತಂಗೋಕೆ ಬರೋ ನೀರುಹಕ್ಕಿಗಳು 30 ಸಾವಿರಕ್ಕೂ ಹೆಚ್ಚು. ಮುಖ್ಯವಾಗಿ ನೋಡಬೇಕಾದವು ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು. ನೀರುಕಾಗೆ, ಬೆಳ್ಳಕ್ಕಿ ಅಂತೂ ಲೆಕ್ಕಕ್ಕೇ ಸಿಗಲ್ಲ.

ಇಷ್ಟು ಹಕ್ಕಿ ಇಲ್ಲೇ ಯಾಕೆ? ಕೆರೆಯೊಳಗೆ ಕರಿಜಾಲಿ ಮರಗಳಿವೆ. ಕೆರೆ ತುಂಬಿದಾಗ ಮರದ ಬುಡ ನೀರಲ್ಲಿ ಮುಳುಗುತ್ತೆ, ಆಗ ನಾಯಿ, ನರಿ, ಬೆಕ್ಕು ಗೂಡಿನ ತನಕ ಹೋಗೋಕಾಗಲ್ಲ. ಕೆಳಗೆ ಮೀನು, ಮೇಲೆ ಮುಳ್ಳಿನ ಕೋಟೆ. ನೀರು ಇಳಿದು ಬುಡ ಒಣಗಿತೋ, ಆ ಕಾವಲು ಹೋಯ್ತು. ಆದ್ದರಿಂದ ದಾರಿ ಕೇಳಿದವರಿಗೆ ಮೊದಲು ಹೇಳಬೇಕಾದ ಮಾತು "ಈ ವರ್ಷ ಕೆರೆಯಲ್ಲಿ ನೀರೆಷ್ಟಿದೆ" ಅನ್ನೋದು. ಅದನ್ನ ಬೆಂಗಳೂರಿನವರಿಗೆ ಯಾವ ಆ್ಯಪ್ ಕೂಡ ಸರಿಯಾಗಿ ಹೇಳಲ್ಲ, ನಾವೇ ಹೇಳಬೇಕು.

ಹೊತ್ತು: ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಏರಿ ಮೇಲಿರಬೇಕು, ಇಲ್ಲಾ ಸಂಜೆ ಐದರ ಮೇಲೆ. ಹೊರಗೆ ಮೇಯೋಕೆ ಹೋದವು ಗುಂಪುಗುಂಪಾಗಿ ವಾಪಸ್ ಬರೋ ಹೊತ್ತದು. ಮಟಮಟ ಮಧ್ಯಾಹ್ನ ಬಂದು "ಏನೂ ಇಲ್ಲ" ಅನ್ನೋರೇ ಜಾಸ್ತಿ.

ನಾನು ಮಾಡಿದ ತಪ್ಪೊಂದು ಇದೆ. ಎರಡು ವರ್ಷದ ಹಿಂದೆ ಮೊಬೈಲಲ್ಲೇ ಫೋಟೋ ತೆಗೀಬೇಕಂತ ಕೆಸರಲ್ಲಿ ಇಳಿದು ಗೂಡಿನ ಮರಕ್ಕೆ ತೀರಾ ಹತ್ತಿರ ಹೋದೆ. ಕೊಕ್ಕರೆಗಳು ಒಮ್ಮೆಲೇ ಎದ್ದವು. ಅವು ಮರಳಿ ಕೂರೋಕೆ ಮುಂಚೆ ಕಾಗೆಯೊಂದು ಗೂಡಿಗೆ ನುಗ್ಗಿ ಮೊಟ್ಟೆ ಕಚ್ಚಿಕೊಂಡು ಹಾರಿತು. ಫೋಟೋನೂ ಸರಿ ಬರಲಿಲ್ಲ. ಏರಿ ಮೇಲೆ ನಿಂತೇ ನೋಡಿ, ಡ್ರೋನ್ ಬ್ಯಾಗಲ್ಲೇ ಇರಲಿ, ಪಟಾಕಿ ಅಂತೂ ಕೆರೆ ಹತ್ತಿರ ಬೇಡ. ಇದು ಹೊರಗಿನವರಿಗೆ ಎಷ್ಟೋ ನಮ್ಮ ಹುಡುಗರಿಗೂ ಅಷ್ಟೇ.

ರಾಮ್ಸಾರ್ ಅಂದ್ರೆ ಇನ್ನು ಕೆರೆ ನೀರು ರೈತರಿಗಿಲ್ಲ ಅಂತ ಭಯಪಡಬೇಕಿಲ್ಲ. ಆ ಒಪ್ಪಂದ ಕೆರೆಯನ್ನ ಹಾಳಾಗದ ಹಾಗೆ ಬಳಸಿ ಅನ್ನುತ್ತೆ, ಬಳಸಲೇಬೇಡಿ ಅನ್ನಲ್ಲ. ಒತ್ತುವರಿ, ಕಸ ಸುರಿಯೋದು, ಬೇಟೆ ಇವಕ್ಕೆ ಮಾತ್ರ 2017ರ ಜೌಗು ಪ್ರದೇಶ ನಿಯಮಗಳಲ್ಲಿ ನಿಷೇಧ ಇದೆ.

ಇನ್ನೊಂದು ದಿನ ಇರ್ತೀವಿ ಅಂದವರಿಗೆ

ತುಂಗಭದ್ರಾ ಹಿನ್ನೀರು ನಮ್ಮ ತಾಲೂಕಿನಲ್ಲೇ ಸಿಗುತ್ತೆ. ಬೇಸಿಗೆ ಹತ್ತಿರ ಬಂದಂಗೆ ನೀರು ಸರಿದು ಕೆಸರು ಬಯಲಾಗುತ್ತೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ಕೆಲವು ವರ್ಷ ರಾಜಹಂಸ ಅಂದ್ರೆ ಫ್ಲೆಮಿಂಗೋ ಕೂಡ ಇಳಿಯುತ್ತವೆ. ಜಾಗ ದೊಡ್ಡದು, ಹಕ್ಕಿ ದೂರ, ಬರಿಗಣ್ಣಿಗೆ ಬೇಸರ.

ಹಂಪಿಗೆ ಹೋಗೋರಿಗೆ ದೇವಸ್ಥಾನದ ಜೊತೆ ಬಂಡೆಗುಡ್ಡನೂ ನೋಡಿ ಅನ್ನಿ. ಹಳದಿ ಕತ್ತಿನ ಪಿಕಳಾರ ಇರೋದು ಅಲ್ಲಿ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅದಕ್ಕೇ ದೂರದಿಂದ ಹುಡುಕ್ಕೊಂಡು ಬರ್ತಾರೆ. ಕಮಲಾಪುರ ಕೆರೆ ದಾರಿಯಲ್ಲೇ ಇದೆ. ಸಂಡೂರು ತಾಲೂಕಿನ ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಹೋದರೆ ಸಾಕು. ಕರಡಿ ನೋಡೋ ಗೋಪುರದಿಂದಲೇ ನವಿಲು, ಗೌಜಲಕ್ಕಿ ಕಾಣುತ್ತವೆ.

ಮಾಗಡಿ ಕೆರೆಗೆ ಹಡಗಲಿ, ಮುಂಡರಗಿ ದಾಟಿ ಶಿರಹಟ್ಟಿ ತಾಲೂಕಿಗೆ ಹೋಗಬೇಕು. ಸುಮಾರು 50 ಹೆಕ್ಟೇರ್ ಕೆರೆ, 166 ಜಾತಿ ಹಕ್ಕಿ, ಅದರಲ್ಲಿ 130 ವಲಸೆ ಬರುವಂಥವು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆಯೋ ದಕ್ಷಿಣ ಭಾರತದ ದೊಡ್ಡ ತಾಣಗಳಲ್ಲಿ ಇದೊಂದು. ಹಗಲು ನೀರಲ್ಲಿ ಇರ್ತವೆ, ಕತ್ತಲಾದ ಮೇಲೆ ಸುತ್ತಲಿನ ಹೊಲಕ್ಕೆ ಮೇಯೋಕೆ ಹೋಗ್ತವೆ. ಹೊಲದವರ ನಷ್ಟದ ಮಾತು ಫೋಟೋದಲ್ಲಿ ಬರಲ್ಲ, ಅದನ್ನೂ ಬಂದವರಿಗೆ ಹೇಳಿ.

ಕೈಗೆ ಬೇಕಾದ್ದು

ಹೆಸರು ಗೊತ್ತಿಲ್ಲದ ಹಕ್ಕಿಗೆ ಮರ್ಲಿನ್ ಅನ್ನೋ ಆ್ಯಪ್ ಇದೆ, ಹಣ ಕೊಡಬೇಕಿಲ್ಲ. ಫೋಟೋ ತೋರಿಸಿದರೂ ಕೂಗು ಕೇಳಿಸಿದರೂ ಯಾವ ಹಕ್ಕಿ ಇರಬಹುದು ಅನ್ನುತ್ತೆ. ಊರಲ್ಲೇ ಡೌನ್‌ಲೋಡ್ ಮಾಡ್ಕೊಂಡು ಹೋದರೆ ನೆಟ್ ಇಲ್ಲದಿದ್ದರೂ ನಡೆಯುತ್ತೆ. ನೋಡಿದ್ದನ್ನ ದಾಖಲಿಸೋಕೆ ಇ-ಬರ್ಡ್. ಅಂಕಸಮುದ್ರದಲ್ಲಿ ಯಾವ ತಿಂಗಳು ಏನು ಕಂಡಿದೆ ಅಂತ ಹಿಂದೆ ಬಂದವರು ಬರೆದಿಟ್ಟಿದ್ದೂ ಅದರಲ್ಲೇ ಸಿಗುತ್ತೆ. ಕನ್ನಡದಲ್ಲಿ ಓದೋರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿಪುಕ್ಕ' ಸಾಕು. ಪ್ರತಿ ಫೆಬ್ರವರಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ. ಹದಿನೈದು ನಿಮಿಷ ಎಣಿಸಿ ಕಳಿಸಿದರೂ ಆಯ್ತು, ಶಾಲೆ ಮಕ್ಕಳೂ ಮಾಡಬಹುದು.

ರೈಲಲ್ಲಿ ಬರೋರಿಗೆ ಹೊಸಪೇಟೆ–ಕೊಟ್ಟೂರು ಮಾರ್ಗದಲ್ಲೇ ನಮ್ಮ ನಿಲ್ದಾಣ ಇದೆ. ಅಲ್ಲಿಂದ ಕೆರೆಗೆ ಆಟೋದವರು ಹೋಗಿಬರೋ ಬಾಡಿಗೆ, ಕಾಯೋ ಬಾಡಿಗೆ ಎರಡೂ ಮೊದಲೇ ಹೇಳಿಬಿಟ್ಟರೆ ಜಗಳ ಇರಲ್ಲ. ಹೋಟೆಲಿನವರಿಗೆ ಒಂದು ಮಾತು: ಹಕ್ಕಿ ನೋಡೋರು ಎಂಟು ಗಂಟೆಯ ಬಿಸಿ ದೋಸೆಗೆ ಕಾಯಲ್ಲ. ಹಿಂದಿನ ರಾತ್ರಿಯೇ ಹೇಳಿದರೆ ಬೆಳಗ್ಗೆ ಐದಕ್ಕೆ ಫ್ಲಾಸ್ಕ್ ತುಂಬ ಚಹಾ, ಕಟ್ಟಿಕೊಟ್ಟ ಮಂಡಕ್ಕಿ ಒಗ್ಗರಣೆ ಸಿಗುತ್ತೆ ಅಂತ ಬೋರ್ಡ್ ಹಾಕಿ ನೋಡಿ. ಕಟ್ಟೋದು ಮಾತ್ರ ಪ್ಲಾಸ್ಟಿಕ್ ಕವರಲ್ಲಿ ಬೇಡ, ಪೇಪರಲ್ಲಿ.