ಗ್ರಹಣ: ರಾಹುವೂ ನೆರಳೂ

2019ನೆಯ ಇಸವಿಯ ಡಿಸೆಂಬರ 26ರಂದು ಬೆಳಿಗ್ಗೆ ಸೂರ್ಯಗ್ರಹಣವಿದ್ದಿತು. ಆ ದಿನ ನಮ್ಮ ವರ್ಗದಲ್ಲಿ ಹಾಜರಿ ತೀರ ಕಡಿಮೆ. ಬಂದ ಕೆಲವೇ ಮಕ್ಕಳಲ್ಲಿ ಒಬ್ಬಳು, “ಗುರುಗಳೇ, ಪುಸ್ತಕದಲ್ಲಿ ನೆರಳು ಎಂದಿದೆ, ಮನೆಯಲ್ಲಿ ರಾಹು ಎನ್ನುತ್ತಾರೆ. ಯಾವುದು ನಿಜ?” ಎಂದು ಕೇಳಿದಳು. ನೆರಳೇ ನಿಜವೆಂದು ನಾವು ಉತ್ತರಿಸಿದೆವು. ಆದರೆ ಆ ಪ್ರಶ್ನೆಯು ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದೆಂಬುದನ್ನು ಅಂದು ಹೇಳಲಾಗಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಲೆಳಸಿದ್ದೇವೆ.

ಖಗೋಲಶಾಸ್ತ್ರಕ್ಕೂ ಧರ್ಮಕ್ಕೂ ಕಲಹವೆಂದೊಡನೆ ನಾವು ಯುರೋಪನ್ನು ನೆನೆಯುತ್ತೇವೆ. ಭೂಮಿ ಚಲಿಸುತ್ತದೆಂದ ಗೆಲಿಲಿಯೋ 1633ರಲ್ಲಿ ರೋಮಿನ ಧರ್ಮನ್ಯಾಯಾಲಯದ ಮುಂದೆ ತನ್ನ ಮತವನ್ನು ತಾನೇ ತ್ಯಜಿಸಬೇಕಾಯಿತು. ಉಳಿದ ಆಯುಷ್ಯವನ್ನು ಗೃಹಬಂಧನದಲ್ಲಿ ಕಳೆಯಬೇಕಾಯಿತು. ನಮ್ಮಲ್ಲಿ ಅಂಥದು ನಡೆಯಲಿಲ್ಲವೆಂದು ಹೆಮ್ಮೆಪಡುವವರುಂಟು. ಹಾಗಾದರೆ ನಮ್ಮಲ್ಲಿ ನಡೆದುದಾದರೂ ಏನು?

ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು, ಚಂದ್ರನು ಸೂರ್ಯನನ್ನು ಮರೆಮಾಡುವನು, ಭೂಮಿಯ ನೆರಳು ಚಂದ್ರನನ್ನು ಮುಸುಕುವುದು ಎಂದು ಸ್ಪಷ್ಟವಾಗಿ ಬರೆದನು. ಮುಂದೆ ವರಾಹಮಿಹಿರನೂ ರಾಹುವಿನ ಕಥೆಯನ್ನು ಅಲ್ಲಗಳೆದನು. ಆದರೆ 628ರಲ್ಲಿ ಬ್ರಹ್ಮಗುಪ್ತನು, ರಾಹುವನ್ನು ನಿರಾಕರಿಸುವ ಇಂಥವರು ವೇದಸ್ಮೃತಿಗಳಿಗೆ ವಿರುದ್ಧವಾಗಿ ನುಡಿಯುತ್ತಾರೆಂದು ಆಕ್ಷೇಪಿಸಿದನು. ಸೋಜಿಗವೆಂದರೆ, ಗ್ರಹಣದ ಗಣಿತವನ್ನು ಅವನೂ ನೆರಳಿನಿಂದಲೇ ಮಾಡಿದನು! ನಾಲ್ಕು ಶತಮಾನಗಳ ತರುವಾಯ ಈ ಗ್ರಂಥವನ್ನೋದಿದ ಅಲ್‌ಬಿರೂನಿ ಎಂಬ ವಿದ್ವಾಂಸನು ಇದನ್ನು ಕಂಡು ಮರುಗಿದನು. ಸಾಕ್ರೆಟಿಸನಿಗೆ ಒದಗಿದಂಥ ವಿಪತ್ತೇ ಇವನಿಂದ ಆ ಮಾತನ್ನು ಆಡಿಸಿರಬೇಕೆಂದು ಅವನು ಊಹಿಸಿದನು. ಆ ಗ್ರಂಥವನ್ನು ಬರೆದಾಗ ಬ್ರಹ್ಮಗುಪ್ತನಿಗೆ ಕೇವಲ ಮೂವತ್ತು ವರ್ಷ.

ಇನ್ನು ಸಹ್ಯಾದ್ರಿಯ ಸೀಮೆಯ ಭಾಸ್ಕರಾಚಾರ್ಯನು. ಸೊನ್ನಲಿಗೆಯ ಸಿದ್ಧರಾಮನು ಬಾಳಿದ ಹನ್ನೆರಡನೆಯ ಶತಮಾನದಲ್ಲಿಯೇ, 1150ರಲ್ಲಿ, ಅವನು ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದನು. ಚಂದ್ರಗ್ರಹಣವು ಪೂರ್ವದ ಅಂಚಿನಿಂದಲೂ ಸೂರ್ಯಗ್ರಹಣವು ಪಶ್ಚಿಮದ ಅಂಚಿನಿಂದಲೂ ತೊಡಗುವುದೇಕೆ? ಸೂರ್ಯಗ್ರಹಣದ ಕೋಡುಗಳು ಚೂಪಾಗಿಯೂ ಚಂದ್ರಗ್ರಹಣದ ಕೋಡುಗಳು ಮೊಂಡಾಗಿಯೂ ತೋರುವುದೇಕೆ? ಒಬ್ಬನೇ ರಾಹು ನುಂಗುವುದಾದರೆ ಈ ಭೇದಗಳು ಸಲ್ಲವೆಂದು ಅವನು ತರ್ಕಿಸಿದನು. ಇಷ್ಟು ಹೇಳಿ, ಬ್ರಹ್ಮನ ವರದಿಂದ ರಾಹುವೇ ಆ ನೆರಳನ್ನು ಹೊಕ್ಕು ಮರೆಮಾಡುವನೆಂದು ಶಾಸ್ತ್ರದೊಡನೆ ಸಂಧಿ ಮಾಡಿಕೊಂಡನು.

ಈ ಸಂಧಿಯಿಂದ ಗಣಿತವು ನಿರಾತಂಕವಾಗಿ ಬೆಳೆಯಿತೆಂಬುದು ನಿಜ. ಆದರೆ ನೆರಳಿನ ಅರಿವು ಸಂಸ್ಕೃತ ಬಲ್ಲ ಕೆಲವರಲ್ಲಿಯೇ ಉಳಿಯಿತು. ಜನರ ಪಾಲಿಗೆ ರಾಹುವೇ ಉಳಿದನು. ಪಂಚಾಂಗವು ಗ್ರಹಣದ ವೇಳೆಯನ್ನು ನೆರಳಿನ ಲೆಕ್ಕದಿಂದ ತಿಳಿಸಿತು; ಮನೆಯವರು ಆ ವೇಳೆಗೆ ಸರಿಯಾಗಿ ರಾಹುವಿಗೆ ಅಂಜಿದರು.

ನಮ್ಮ ನೆರೆಹೊರೆಯೂ ಗ್ರಹಣಶೋಧನೆಗೆ ಹೊರತಾದುದಲ್ಲ. 1868ರ ಆಗಸ್ಟ 18ರ ಖಗ್ರಾಸ ಗ್ರಹಣವನ್ನು ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿಯು ಜಮಖಂಡಿಯಿಂದ ನೋಡಿ, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಬಣ್ಣದ ಗೆರೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಇಂಥ ಗೆರೆಗಳಿಂದ ಸಿದ್ಧವಾಯಿತು. 1898ರ ಜನವರಿ 22ರಂದು ನಮ್ಮ ಸೊಲ್ಲಾಪುರ ಜಿಲ್ಲೆಯ ಜೇವೂರಿನಲ್ಲಿ (ಇದು ಅಕ್ಕಲಕೋಟೆಯ ಜೇವೂರಲ್ಲ, ಕರಮಾಳೆಯ ಕಡೆಯದು) ಅಮೇರಿಕೆಯ ಕ್ಯಾಂಪಬೆಲ್ ಮತ್ತು ಪುಣೆಯ ಪ್ರಾಧ್ಯಾಪಕ ನಾಯಗಾಂವಾಲಾ ಅವರು ದೂರದರ್ಶಕಗಳನ್ನು ಹೂಡಿದರು. ಎರಡೇ ನಿಮಿಷಗಳ ಕತ್ತಲೆಗಾಗಿ ಕ್ಯಾಂಪಬೆಲ್ ಸಮುದ್ರಗಳನ್ನು ದಾಟಿ ಬಂದಿದ್ದನು.

ಅಂಥ ನೋಟವನ್ನು ನಮ್ಮ ಮಕ್ಕಳು ಬಾಗಿಲು ಮುಚ್ಚಿ ಕಳೆದುಕೊಳ್ಳಬಾರದು. ಸ್ನಾನ ಮಾಡುವ ಹಿರಿಯರನ್ನು ಹಳಿಯುವುದು ನಮ್ಮ ಕೆಲಸವಲ್ಲ. ರಟ್ಟಿನಲ್ಲಿ ಸೂಜಿರಂಧ್ರ ಮಾಡಿ, ಸೂರ್ಯನತ್ತ ನೇರವಾಗಿ ನೋಡದೆ, ಬಿಳಿಯ ಹಾಳೆಯ ಮೇಲೆ ಬೀಳುವ ಬಿಂಬವನ್ನು ತೋರಿಸುವುದು ನಮ್ಮ ಕೆಲಸ. ಅದನ್ನು ಕಂಡ ಮಗುವು ಮನೆಗೆ ಹೋಗಿ ಹೇಳಲಿ. ಪಂಡಿತರಲ್ಲಿ ಉಳಿದುಹೋದ ಮಾತು ಆಗಲಾದರೂ ಮನೆಯನ್ನು ತಲುಪೀತು.