ಪರದೆ ಮುಟ್ಟದೆ ಹಾಡು ಬದಲಿಸುವ ಕಥೆ

ವಾರಕ್ಕೆ ಒಂದೆರಡಾದರೂ ಅಪಘಾತದ ಸುದ್ದಿ ಬರೆಯುವವರು ನಾವು. ‘ಚಾಲಕನ ನಿಯಂತ್ರಣ ತಪ್ಪಿ ಕಾರು ಮರಕ್ಕೆ ಡಿಕ್ಕಿ’ ಎಂಬ ಸಾಲನ್ನು ನಿದ್ದೆಗಣ್ಣಲ್ಲೂ ಟೈಪ್ ಮಾಡಬಲ್ಲೆವು. ಆದರೆ ನಿಯಂತ್ರಣ ಯಾಕೆ ತಪ್ಪಿತು, ಆ ಕ್ಷಣ ಚಾಲಕನ ಕಣ್ಣು ಎಲ್ಲಿತ್ತು ಎಂದು ಕೇಳಿದ್ದು ಕಡಿಮೆ.

ಕಳೆದ ಮಳೆಗಾಲದಲ್ಲಿ ಬಾಡಿಗೆ ಕಾರೊಂದರಲ್ಲಿ ಘಾಟಿ ಇಳಿಯುವಾಗ ಈ ಪ್ರಶ್ನೆ ನಮ್ಮನ್ನೇ ಹಿಡಿಯಿತು. ಮುಂದಿನ ಗಾಜಿಗೆ ಮಂಜು ಕಟ್ಟಿತ್ತು. ಗಾಳಿ ಹೆಚ್ಚಿಸಲು ಡ್ರೈವರಣ್ಣ ಪರದೆಯ ಮೇಲೆ ಹಾಡಿನ ಪುಟ ಸರಿಸಿ, ಎಸಿ ಪುಟ ತೆರೆದು, ಫ್ಯಾನಿನ ಚಿತ್ರ ಹುಡುಕಬೇಕಾಯಿತು. ಅಷ್ಟರಲ್ಲಿ ತಿರುವು ಬಂದೇಬಿಟ್ಟಿತ್ತು. ಬ್ರೇಕ್ ಹಾಕಿ ಸುಧಾರಿಸಿಕೊಂಡ ಮೇಲೆ ಅವರು ಹೇಳಿದ್ದು: “ಹಳೇ ಗಾಡೀಲಿ ಕೈಗೇ ಗೊತ್ತಿತ್ತು ಸಾರ್. ಇದ್ರಲ್ಲಿ ನೋಡ್ಲೇಬೇಕು.”

ಕೈಗೇ ಗೊತ್ತಿರುವ ಆ ಕಾಲ ಹೇಗೆ ಬಂತು, ಹೇಗೆ ಹೋಯಿತು ಎಂದು ಹುಡುಕುತ್ತಾ ಹೋದೆವು.

ಕಾರಿಗೆ ರೇಡಿಯೊ ಬಂದಾಗಲೇ ಈ ಜಗಳವೂ ಬಂದಿತ್ತು. 1930ರಲ್ಲಿ ಷಿಕಾಗೊದ ಪಾಲ್ ಗಾಲ್ವಿನ್ ಅವರ ಕಂಪನಿ ಕಾರಿನ ರೇಡಿಯೊವನ್ನು ‘ಮೋಟೊರೋಲ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಚಾಲಕರ ಗಮನ ಕೆಡುತ್ತದೆ, ಇದನ್ನು ನಿಷೇಧಿಸಬೇಕು ಎಂಬ ಕೂಗು ಅಮೆರಿಕದಲ್ಲಿ ಆಗಲೇ ಎದ್ದಿತ್ತು. ಆ ಆತಂಕ ಸುಳ್ಳೇನಲ್ಲ. ಸ್ಟೇಷನ್ ಸಿಗುವವರೆಗೆ ರೇಡಿಯೊದ ಕಿವಿ ಹಿಂಡುತ್ತಾ, ಮುಳ್ಳು ಎಲ್ಲಿ ನಿಂತಿತು ಎಂದು ನೋಡುತ್ತಿರಬೇಕಿತ್ತು.

ಮುಂದಿನ ಮೂರು ದಶಕ ಎಂಜಿನಿಯರುಗಳು ತಲೆಕೆಡಿಸಿಕೊಂಡಿದ್ದು ಇದಕ್ಕೇ. ಮೊದಲು ಒತ್ತುಗುಂಡಿಗಳು ಬಂದವು. ಇಷ್ಟದ ಸ್ಟೇಷನ್ನನ್ನು ಒಮ್ಮೆ ಗುಂಡಿಗೆ ಕಟ್ಟಿಹಾಕಿದರೆ, ಮುಂದೆ ಒತ್ತಿದ ಕೂಡಲೇ ಒಳಗಿನ ಸನ್ನೆಕೋಲು ಮುಳ್ಳನ್ನು ಅಲ್ಲಿಗೇ ಎಳೆದೊಯ್ಯುತ್ತಿತ್ತು. 1953ರಲ್ಲಿ ಜರ್ಮನಿಯ ಬೆಕರ್ ಕಂಪನಿಯ ‘ಮೆಕ್ಸಿಕೊ’ ರೇಡಿಯೊ ತಾನೇ ಸ್ಟೇಷನ್ ಹುಡುಕಿ ನಿಲ್ಲುವುದನ್ನು ಕಲಿತಿತ್ತು. ಅದೇ ದಶಕದ ಕೆಲವು ಅಮೆರಿಕನ್ ಕಾರುಗಳಲ್ಲಿ ಸ್ಟೇಷನ್ ಬದಲಿಸಲು ನೆಲದ ಮೇಲೆ ಕಾಲಿನಿಂದ ಒತ್ತುವ ಸ್ವಿಚ್ಚೂ ಇತ್ತು! ಕೈ ಸ್ಟೀರಿಂಗ್ ಬಿಡುವಂತಿಲ್ಲ, ಕಣ್ಣು ರಸ್ತೆ ಬಿಡುವಂತಿಲ್ಲ.

1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಿತು. ಆಮೇಲಿನದು ನಮಗೂ ನಿಮಗೂ ಗೊತ್ತಿರುವ ಲೋಕ. ಅಂಬಾಸಿಡರ್ ಟ್ಯಾಕ್ಸಿಯ ಡ್ಯಾಶ್‌ಬೋರ್ಡಿನಲ್ಲಿ ಕ್ಯಾಸೆಟ್ ಪ್ಲೇಯರ್, ಎಡಕ್ಕೊಂದು ಬಲಕ್ಕೊಂದು ತಿರುಗಿಸುವ ನಾಬ್. ಕತ್ತಲಲ್ಲೂ ಕ್ಯಾಸೆಟ್ಟಿನ ಬದಿ ಬದಲಿಸುತ್ತಿದ್ದ ಡ್ರೈವರುಗಳನ್ನು ನಾವು ನೋಡಿದ್ದೇವೆ.

ಟಚ್‌ಸ್ಕ್ರೀನ್ ನಿನ್ನೆ ಮೊನ್ನೆಯದು ಎಂದುಕೊಂಡಿದ್ದರೆ ತಪ್ಪು. ಜನರಲ್ ಮೋಟರ್ಸ್ 1986ರ ಮಾದರಿಯ ಬ್ಯುಯಿಕ್ ರಿವಿಯೆರಾ ಕಾರಿಗೆ ಹಳೇ ಟಿವಿಯಂಥ ಪಿಕ್ಚರ್ ಟ್ಯೂಬಿನ ಮುಟ್ಟುಪರದೆ ಕೂರಿಸಿತ್ತು. ರೇಡಿಯೊ, ಎಸಿ ಎಲ್ಲವೂ ಅದರೊಳಗೇ. ಸಣ್ಣ ಕೆಲಸಕ್ಕೂ ಪರದೆ ನೋಡಬೇಕಾಗುತ್ತದೆ ಎಂಬ ದೂರು ಬಂತು. 1990ರ ಮಾದರಿಯಲ್ಲಿ ಗುಂಡಿಗಳು ವಾಪಸ್ ಬಂದವು.

ಎರಡನೆಯ ದಾರಿ ತೋರಿಸಿದ್ದು ಬಿಎಂಡಬ್ಲ್ಯು. 2001ರ 7 ಸರಣಿಯ ಕಾರಿನಲ್ಲಿ ‘ಐಡ್ರೈವ್’ ಎಂಬ ದಪ್ಪ ನಾಬ್ ಕೈಯಳತೆಯಲ್ಲಿತ್ತು. ಪರದೆ ದೂರದಲ್ಲಿ, ಕಣ್ಣಿನ ಎತ್ತರಕ್ಕೆ. ನಾಬ್ ತಿರುಗಿಸಿದರೆ ಪಟ್ಟಿ ಸರಿಯುತ್ತದೆ, ಒತ್ತಿದರೆ ಆಯ್ಕೆಯಾಗುತ್ತದೆ. ಆದರೆ ನೂರಾರು ಕೆಲಸಗಳನ್ನು ಅದೊಂದಕ್ಕೇ ಹೊರಿಸಿದ್ದರಿಂದ ಜನ ಮೆನುಗಳಲ್ಲಿ ದಾರಿ ತಪ್ಪಿದರು, ಬೈದರು. ಮುಂದಿನ ಆವೃತ್ತಿಗಳಲ್ಲಿ ನಾಬ್ ಸುತ್ತ ರೇಡಿಯೊ, ಫೋನ್, ನಕ್ಷೆಗೆ ಬೇರೆ ಬೇರೆ ಗುಂಡಿ ಕೊಟ್ಟ ಮೇಲೆ ಅದು ಕೈಗೆ ಒಗ್ಗಿತು. ನಾಬ್ ಇದ್ದರಷ್ಟೇ ಸಾಲದು, ಹೋಗಬೇಕಾದ ಕಡೆಗೆ ನೇರ ದಾರಿಯೂ ಬೇಕು.

ಅಷ್ಟರಲ್ಲಿ ಗಾಳಿ ತಿರುಗಿತು. ಮೊಬೈಲಿನಿಂದ ಜನರ ಬೆರಳು ಪರದೆಗೆ ಒಗ್ಗಿತ್ತು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಟಚ್‌ಸ್ಕ್ರೀನ್ ಹೊತ್ತು ಬಂತು. 2018ರಿಂದ ಅಮೆರಿಕದಲ್ಲಿ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾದ್ದರಿಂದ ಪರದೆ ಹೇಗೂ ಇರಲೇಬೇಕಾಯಿತು. ಇರುವ ಪರದೆಗೇ ಎಲ್ಲ ತುಂಬಿದರೆ ಪ್ರತಿ ಗುಂಡಿಯ ಅಚ್ಚು, ವೈರು, ಜೋಡಣೆಯ ಖರ್ಚು ಉಳಿಯುತ್ತದೆ.

ಉಳಿದ ಆ ಖರ್ಚನ್ನು ಕಟ್ಟುವವರು ಯಾರು? 2022ರಲ್ಲಿ ಸ್ವೀಡನ್ನಿನ ‘ವಿ ಬಿಲೆಗಾರೆ’ ಪತ್ರಿಕೆ ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ರೇಡಿಯೊ, ಎಸಿಯಂಥ ನಾಲ್ಕು ಬಗೆಯ ಕೆಲಸ ಮುಗಿಸಲು ಗುಂಡಿಗಳಿದ್ದ 2005ರ ವೋಲ್ವೊ ವಿ70ರಲ್ಲಿ 10 ಸೆಕೆಂಡ್ ಸಾಕಾಯಿತು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ತೀರಾ ಹಿಂದುಳಿದ ಹೊಸ ಕಾರು ಅದೇ ಕೆಲಸ ಮುಗಿಯುವಷ್ಟರಲ್ಲಿ 1,372 ಮೀಟರ್ ಓಡಿತ್ತು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ 2013ರ ಮಾರ್ಗಸೂಚಿಯ ಪ್ರಕಾರ ಒಂದು ನೋಟ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ದಾಟಬಾರದು. 80 ಕಿ.ಮೀ. ವೇಗದಲ್ಲಿ ಆ 2 ಸೆಕೆಂಡ್ ಎಂದರೆ 44 ಮೀಟರ್. ನಮ್ಮ ರಸ್ತೆಗಳಲ್ಲಿ 44 ಮೀಟರಿನೊಳಗೆ ಒಂದು ಎಮ್ಮೆ, ಒಂದು ಹಂಪು, ಲೈಟಿಲ್ಲದ ಒಂದು ಟ್ರ್ಯಾಕ್ಟರ್ ಟ್ರೇಲರ್ ಆರಾಮಾಗಿ ಹಿಡಿಸುತ್ತವೆ.

ಈಗ ಗಾಳಿ ಮತ್ತೆ ತಿರುಗುತ್ತಿದೆ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯಾದ ಯೂರೊ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪ, ತುರ್ತು ಕರೆಗೆ ಪ್ರತ್ಯೇಕ ಗುಂಡಿ ಇಲ್ಲದ ಕಾರುಗಳಿಗೆ ಅಂಕ ಕಡಿಮೆ ಮಾಡುವುದಾಗಿ ಹೇಳಿತು. ಹಾಗಂತ ಜಗಳ ಮುಗಿದಿಲ್ಲ. ಟಚ್‌ಸ್ಕ್ರೀನಿಗೆ ಕೈ ಚಾಚಿದಾಗ ಸ್ಟೀರಿಂಗ್ ಅರಿವಿಲ್ಲದೆ ಅಲುಗುತ್ತದೆ ಎಂದು ಹೇಳಿ, 2019ರ ಮಾಜ್ದಾ 3ರಲ್ಲಿ ಟಚ್ ಕೈಬಿಟ್ಟು ನಾಬ್ ಇಟ್ಟಿದ್ದ ಮಾಜ್ದಾ ಕಂಪನಿಯೇ 2025ರಲ್ಲಿ ತೋರಿಸಿದ ಹೊಸ ಸಿಎಕ್ಸ್-5ರಲ್ಲಿ ನಾಬ್ ತೆಗೆದು ದೊಡ್ಡ ಟಚ್‌ಸ್ಕ್ರೀನ್ ಹಾಕಿದೆ.

ನಿಮ್ಮ ಕಾರಿನಲ್ಲಿ ಪರದೆಯೇ ಇದ್ದರೂ ಚಾಲನೆಯಲ್ಲಿ ಅದನ್ನು ಮುಟ್ಟದಿರಬಹುದು. ನಕ್ಷೆ, ಹಾಡು, ಎಸಿಯನ್ನು ಹೊರಡುವ ಮುಂಚೆಯೇ ಹೊಂದಿಸಿ. ಸದ್ದು, ಮುಂದಿನ ಹಾಡು, ಕರೆಗೆ ಸ್ಟೀರಿಂಗ್ ಮೇಲಿನ ಗುಂಡಿಗಳನ್ನು ಕಾರು ನಿಂತಿರುವಾಗಲೇ ಹೆಬ್ಬೆರಳಿಗೆ ಅಭ್ಯಾಸ ಮಾಡಿಸಿ. ಮೈಕಿನ ಗುಂಡಿ ಇದ್ದರೆ ಹೇಳಿ ಮಾಡಿಸಿ. ಇನ್ನುಳಿದದ್ದನ್ನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಮಾಡಿ. ಕೊಳ್ಳಲು ಹೋದಾಗ ಕಣ್ಣು ಮುಚ್ಚಿ ಫ್ಯಾನ್ ಹೆಚ್ಚಿಸಲು ಆಗುತ್ತದೆಯೇ ನೋಡಿ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಅಪಘಾತದ ಸ್ಥಳದಲ್ಲಿ ನಾವು ವೇಗ ಕೇಳುತ್ತೇವೆ, ಕುಡಿದಿದ್ದರೇ ಎಂದು ಕೇಳುತ್ತೇವೆ. ಇನ್ನು ಮುಂದೆ, ಆ ಹೊತ್ತಿಗೆ ಚಾಲಕ ಏನು ನೋಡುತ್ತಿದ್ದರು ಎಂದೂ ಕೇಳೋಣ. ‘ನಿಯಂತ್ರಣ ತಪ್ಪಿ’ ಎಂದು ಬರೆಯುವುದು ಆಮೇಲಿರಲಿ.